ಒಳಮೈ

ನಮ್ಮ ಊರ ಹೆಸರಿಗೆ ದೋಣಿ ಎಂದರ್ಥ.
ಹೊಳೆಗಳನ್ನು ಮಾತ್ರ ಗಿರಣಿಯವರು
ಯಾವತ್ತೋ ಕಲ್ಲುಹಾಸಿನಡಿ ಹೂತುಬಿಟ್ಟರು.
ಆಮೇಲೆ ಗಿರಣಿಗಳೂ ಹೋದವು.
ವೂಚ್‌ನಲ್ಲಿ ಉಳಿದದ್ದು ಬಟ್ಟೆ, ಬಟ್ಟೆಯ ಧೂಳು,
ಸೂಜಿಯ ಮೊನೆಯಿಂದ ಉಣ್ಣುವ ನನ್ನಂಥ ನಾಲ್ಕು ಜನ.

ವಿತೊಲ್ಡ್ ತಂದದ್ದು ಒಂದು ಮಾಲುಖ್.
ಮಾಲುಖ್ ಅಂದರೆ ಪುಟಾಣಿ. ಸುಮ್ಮನೆ ಇಟ್ಟ ಹೆಸರಲ್ಲ:
ನಾಲ್ವರು ಕೂತರೆ ಎಂಟು ಮೊಣಕಾಲು
ಒಂದನ್ನೊಂದು ಕ್ಷಮೆ ಕೇಳುತ್ತವೆ.
ತಂದವನು ಅವನು ಅನ್ನುವುದೂ ತಪ್ಪು.
ಬ್ರೋನ್ಯಾ ಓಡಿಸಿಕೊಂಡು ಬಂದಳು,
ಅರವತ್ತೊಂದರ ಪ್ರಾಯ, ಎರಡು ವಾರದ ಲೈಸೆನ್ಸು,
ದಾರಿಯುದ್ದಕ್ಕೂ ಎರಡನೇ ಗೇರು.

ಅವನ ಕಣ್ಣಿನ ನಟ್ಟನಡುವೆ ಮಸಿ ಬಿದ್ದಿದೆಯಂತೆ,
ದಿನಕ್ಕಿಷ್ಟು ಹರಡುತ್ತದಂತೆ.
'ಈಗ ಅಂಚು ಮಾತ್ರ ಕಾಣುತ್ತದೆ' ಅಂದ.
ಹೊಲಿಯುವವಳಿಗೆ ಅಂಚೇ ಸಾಕು ಅಂದೆ.
ನಕ್ಕ. ಆಮೇಲೆ ಕೆಲಸ ಹೇಳಿದ:
'ಒಳಗೆಲ್ಲ ಹೊಸದಾಗಬೇಕು. ಬಣ್ಣ ನಿನ್ನಿಷ್ಟ.
ಎಲ್ಲೆಲ್ಲಿ ಏನಿದೆ ಅಂತ
ಕೈ ನನಗೆ ಹೇಳಬೇಕು.'

ಹಳೆಯ ರೆಕ್ಸಿನ್ ಕಿತ್ತೆ.
ಸಿಗರೇಟಿನ ಮೂರು ತೂತು, ಒಂದು ಹೇರ್‌ಪಿನ್ನು.
ಬಾಗಿಲ ಹಲಗೆ ಬರೀ ಒತ್ತಿದ ಕಾಗದ,
ಹಿಮ ಕುಡಿದು ಕುಡಿದು ಹಪ್ಪಳದಂತೆ ಉಬ್ಬಿತ್ತು.
ಕಾರು ಸಣ್ಣದು, ಕೆಲಸ ಸಣ್ಣದಲ್ಲ.
ಕೈ ಹೋದಲ್ಲಿ ಕಣ್ಣು ಹೋಗದು,
ಕಣ್ಣು ಹೋದಲ್ಲಿ ಕತ್ತರಿ ಹೋಗದು.

ಮೂರು ದಿನ ಕಣ್ಣಿಗೆ ಟವೆಲು ಕಟ್ಟಿಕೊಂಡು
ಬುಟ್ಟಿಯ ತುಂಡುಗಳನ್ನೆಲ್ಲ ತಡವಿದೆ.
ನಲವತ್ತು ವರ್ಷದ ಕಸುಬು;
ಮಖಮಲ್ಲಿಗೆ ಸಿಟ್ಟು ಬರುವ ದಿಕ್ಕು ಒಂದಿದೆ ಅಂತ
ಆಗ ತಿಳಿಯಿತು.

ಬಾಗಿಲಿಗೆ ಕಾರ್ಡ್ರಾಯ್,
ಉತ್ತ ಸಾಲಿನಂತೆ ಗೆರೆಗಳು ಮುಂದಕ್ಕೆ ಹರಿಯುವ ಹಾಗೆ.
ಕಿಟಕಿಯ ಹಿಡಿಗೆ ಗಂಟುಗಂಟಿನ ದಾರ.
ಬಾಗಿಲು ತೆರೆಯುವ ಚಿಲಕಕ್ಕೆ ಒರಟು ಕಂಬಳಿ,
ಕಿಟಕಿ ಅಂದುಕೊಂಡು ರಸ್ತೆಗೆ ಇಳಿಯದಿರಲಿ ಅಂತ.
ಛಾವಣಿಗೆ ಏನು ಹಾಕಿದರೇನು, ಕೈ ಅಲ್ಲಿಗೆ ಹೋಗುವುದಿಲ್ಲ ಅಂದೆ.
'ತಲೆ ಹೋಗುತ್ತದೆ' ಅಂದಳು ಬ್ರೋನ್ಯಾ,
'ಪ್ರತಿ ಗುಂಡಿಗೂ.' ದಪ್ಪ ಫ್ಲಾನೆಲ್ ಹಾಕಿದೆ.

ಸೀಟುಗಳ ನಡುವೆ ಎರಡು ಗಿಡ್ಡ ಸನ್ನೆಗಳು:
ಒಂದು ಎಂಜಿನ್ನನ್ನು ಎಬ್ಬಿಸುವುದಕ್ಕೆ,
ಇನ್ನೊಂದು ಚಳಿಯಲ್ಲಿ ಅದರ ಉಸಿರು ಬಿಗಿಹಿಡಿಸುವುದಕ್ಕೆ.
ಬ್ರೋನ್ಯಾಗೆ ಯಾವಾಗಲೂ ಅದಲುಬದಲು.
ಒಂದಕ್ಕೆ ಚರ್ಮ ಸುತ್ತಿದೆ, ಒಂದಕ್ಕೆ ಉಣ್ಣೆ.

ಬಣ್ಣಕ್ಕೆ ಜಗಳವಾಯಿತು.
'ನಿನ್ನಿಷ್ಟ ಅಂತೆ! ನೋಡುವವಳು ನಾನು!'
ಅಟ್ಟದ ತುದಿಯ ಥಾನನ್ನು ತಾನೇ ಎಳೆದಳು:
ಸಾಸಿವೆ ಹಳದಿ, ಅರಳಿದ ಹೊಲದಷ್ಟು ನಾಚಿಕೆಗೆಟ್ಟದ್ದು.
ಎಂಟು ವರ್ಷದಿಂದ ಯಾರೂ ಕೇಳದ ಬಟ್ಟೆ.

ಒಯ್ಯಲು ಬಂದ ದಿನ ಅವನು ಕೇಳಿದ:
'ಯಾವ ಬಣ್ಣ?'
'ಕಂದು,' ಅಂದಳು ಬ್ರೋನ್ಯಾ. 'ಮೊದಲಿನ ಹಾಗೇ.'
ನಾನು ಬಾಯಲ್ಲಿ ಗುಂಡುಸೂಜಿ ಇಟ್ಟುಕೊಂಡೆ.

ಅವನು ಒಳಗೆ ಕೂತು ಕೈಯಾಡಿಸಿದ.
ಗಂಟು. ಕಂಬಳಿ. ಚರ್ಮ. ಉಣ್ಣೆ.
ಎಡಬಾಗಿಲಲ್ಲಿ, ತುದಿಯ ಹತ್ತಿರ,
ಕಾರ್ಡ್ರಾಯಿನ ಸಾಲು ಒಂದು ಬೆರಳು ಓರೆಯಾಗಿತ್ತು.
ಕಣ್ಣಿದ್ದವರು ಯಾರೂ ಕಂಡಿರಲಿಲ್ಲ, ನಾನು ಸೇರಿ.
ಅಲ್ಲಿ ಅವನ ಬೆರಳು ನಿಂತಿತು.
ಏನೂ ಅನ್ನಲಿಲ್ಲ. ಮುಂದೆ ಹೋಯಿತು.

ಅರ್ಧ ದುಡ್ಡು, ಒಂದು ಚೀಲ ಸೇಬು. ಉಳಿದದ್ದು ಈಸ್ಟರಿಗೆ.

ಅವಳು ಚರ್ಮ ಎಳೆದಳು; ಎಂಜಿನ್ ಕೆಮ್ಮಿ ಮಲಗಿತು.
'ಮೊದಲು ಉಣ್ಣೆ,' ಅಂದ, 'ಆಮೇಲೆ ಚರ್ಮ.'
ಎದ್ದಿತು ಪುಟಾಣಿ, ಹೊಗೆ ಕಾರುತ್ತ.
ಗೇಟು ದಾಟುವಾಗ ಅವನು ಮುಖ ಓರೆಮಾಡಿ,
ಕಣ್ಣಂಚಿನಿಂದ ಬಾಗಿಲನ್ನು ಹಿಡಿದು ಅನ್ನುವುದು ಕೇಳಿಸಿತು:

'ಹಳದಿ ಕಣೇ ಇದು, ಸುಳ್ಳಿ.'

ಅವಳು ಎರಡನೇ ಗೇರು ಹಾಕಿದಳು.